ಕಾಗದದ ಶನಿವಾರ

ನಾನು ನಿಂತಿದ್ದು ಗುಬ್ಬಿಯ ಆ ಉದ್ದನೆಯ ಹಾಲಿನಲ್ಲಿ, ಬಾಗಿಲಿನಿಂದ ಎರಡನೆಯ ಕಂಬದ ಪಕ್ಕ, ಕಿಟಕಿಗೆ ಬೆನ್ನು ಮಾಡಿ. ಕೊರೋನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಫೆಬ್ರವರಿ, ಆ ತಿಂಗಳ ಎರಡನೆಯ ಶನಿವಾರ. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು. ಮಕ್ಕಳು ಬೇಗ ಬರಲಿ ಎಂದು ಪಾಸ್ಟರಮ್ಮ ಅದನ್ನು ಐದು ನಿಮಿಷ ಮುಂದಿಟ್ಟಿದ್ದರು. ಆದ್ದರಿಂದ ಮೂರೂ ಕಾಲು ಎಂದು ಬರೆಯುತ್ತೇನೆ. ನನ್ನ ಎಡಗೈಯಲ್ಲಿ ಬಲೂನುಗಳ ಚಿತ್ರವಿದ್ದ ಒಂದು ಕಾರ್ಡು ಇತ್ತು. ಬಲಗೈಯಲ್ಲಿ ಅದರ ಕನ್ನಡ, ನನ್ನದೇ ಅಕ್ಷರದಲ್ಲಿ.

ಈ ಹಾಲು ಮೊದಲು ಕೊಬ್ಬರಿ ತುಂಬುವ ಗೋದಾಮು ಆಗಿತ್ತು. ಎಷ್ಟು ಸಲ ಸುಣ್ಣ ಹೊಡೆಸಿದರೂ ಬಿಸಿಲು ಏರಿದಾಗ ಗೋಡೆಯಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಪಾಸ್ಟರು ಅದನ್ನು ಬಾಡಿಗೆಗೆ ಹಿಡಿದು ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳ ಕ್ಲಬ್ ನಡೆಸುತ್ತಿದ್ದರು. ಬೆಳಗಿನ ಶಾಲೆ ಮುಗಿಸಿಕೊಂಡು ಸುತ್ತಲ ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಎಲ್ಲ ಜಾತಿಯವರೂ ಇದ್ದರು, ನಮ್ಮ ಸಭೆಯವರು ಐದಾರು ಮಕ್ಕಳು ಮಾತ್ರ. ಮೊದಲು ಚಿತ್ರಾನ್ನ, ಆಮೇಲೆ ಕೈ ಕುಣಿಸುತ್ತಾ ಹಾಡುವ ಹಾಡು, ಬೈಬಲಿನ ಒಂದು ವಾಕ್ಯ ಬಾಯಿಪಾಠ, ಒಂದು ಕಥೆ, ಕೊನೆಗೆ ಒಂದು ಗಂಟೆ ಟ್ಯೂಷನ್. ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಶನಿವಾರ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಟ್ಯೂಷನ್ ಮಾಡುತ್ತಿದ್ದೆ. ಇನ್ನೊಂದು ಕೆಲಸವೂ ನನ್ನದೇ ಆಗಿತ್ತು. ಮಕ್ಕಳ ಕಾಗದಗಳನ್ನು ಇಂಗ್ಲಿಷಿಗೆ ಮಾಡುವುದು.

ಒಂದು ಸಂಸ್ಥೆಯ ಮೂಲಕ ಕ್ಲಬ್ಬಿನ ಹೆಚ್ಚಿನ ಮಕ್ಕಳಿಗೆ ದೂರದ ದೇಶದಲ್ಲಿ ಒಬ್ಬೊಬ್ಬ ಸ್ಪಾನ್ಸರ್ ಇದ್ದರು. ಮಗುವಿನ ಪುಸ್ತಕ, ಬಟ್ಟೆ, ಶಾಲೆಯ ಖರ್ಚು ಅವರದು. ವರ್ಷಕ್ಕೆ ಎರಡು ಸಲ ಮಗು ಅವರಿಗೆ ಕಾಗದ ಬರೆಯಬೇಕು. ಅಚ್ಚು ಹಾಕಿಸಿದ ಹಾಳೆ, ಮೇಲೆ ಬರೆಯಲು ಗೆರೆಗಳು, ಕೆಳಗೆ ಚಿತ್ರ ಬಿಡಿಸಲು ಒಂದು ಚೌಕ. ನಾನು ಅದರ ಇಂಗ್ಲಿಷನ್ನು ಬೇರೆ ಹಾಳೆಯಲ್ಲಿ ಬರೆದು, ಮಗುವಿನ ಹಾಳೆಯ ಮೇಲಿಟ್ಟು ಮೂಲೆಗೆ ಪಿನ್ನು ಹೊಡೆಯುತ್ತಿದ್ದೆ. ಎರಡೂ ಒಟ್ಟಿಗೇ ಹೋಗುತ್ತಿದ್ದವು. ಮಗುವಿನ ಕೈಬರಹ ನೋಡುವುದು ಸ್ಪಾನ್ಸರಿಗೆ ಖುಷಿ, ಓದಲು ಬರದಿದ್ದರೂ. ಅವರಿಂದ ಉತ್ತರ ಬಂದಾಗ ಅದನ್ನು ಕನ್ನಡಕ್ಕೆ ಮಾಡುತ್ತಿದ್ದವನೂ ನಾನೇ. ಉತ್ತರಗಳು ಒಂದಷ್ಟು ಸೇರಿದ ಮೇಲೆ ಒಂದು ಶನಿವಾರ ಮನೆಯವರನ್ನೂ ಕರೆಸಿ, ಎಲ್ಲರ ಮುಂದೆ ಒಂದೊಂದಾಗಿ ಓದುವುದು ನಮ್ಮ ಪದ್ಧತಿ. ಹೆಸರು ಕೂಗಿದಾಗ ಮಗು ಎದ್ದು ನಿಲ್ಲಬೇಕು. ಓದಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಮಗು ಬಂದು ಎರಡೂ ಕೈಯಲ್ಲಿ ಕಾರ್ಡು ತೆಗೆದುಕೊಂಡು 'ಥ್ಯಾಂಕ್ಯೂ ಸಾರ್' ಅನ್ನಬೇಕು. ಮಕ್ಕಳು ಅದನ್ನು ಕಾಗದದ ಶನಿವಾರ ಎನ್ನುತ್ತಿದ್ದರು.

ಕಾಗದ ಬರೆಸುವುದಕ್ಕೆ ನಿಯಮಗಳಿದ್ದವು. ದೂರು ಇರಬಾರದು. ಇದು ಬೇಕು ಅದು ಬೇಕು ಅಂತ ಇರಬಾರದು. ದೂರದಲ್ಲಿ ಕೂತು ಏನೂ ಮಾಡಲಾಗದವರ ಮನಸ್ಸು ನೋಯಿಸಬಾರದು. ಗಂಭೀರ ವಿಷಯ ಏನಾದರೂ ಇದ್ದರೆ ಅದಕ್ಕೆ ಬೇರೆ ನೀಲಿ ಹಾಳೆ. ಮೊದಲು ಮನೆಗೆ ಹೋಗಿ ವಿಚಾರಿಸಬೇಕು, ನಂತರ ಪಾಸ್ಟರು ಸಹಿ ಮಾಡಿ ಸಂಸ್ಥೆಯ ಮುಖ್ಯ ಕಚೇರಿಗೆ ಕಳಿಸಬೇಕು. ಇವು ಕೆಟ್ಟ ನಿಯಮಗಳು ಎಂದು ನನಗೆ ಆಗ ಅನ್ನಿಸಿರಲಿಲ್ಲ. 'ನಮ್ಮಪ್ಪ ಕುಡಿದು ಹೊಡೀತಾನೆ' ಅಂತ ಯಾವುದೋ ಮಗು ಬರೆದರೆ 'ನಮ್ಮ ತಂದೆಯವರಿಗಾಗಿ ಪ್ರಾರ್ಥಿಸಿ' ಅಂತ ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಸಾಮಾನ್ಯವಾಗಿ ಪಾಸ್ಟರು ಆಮೇಲೆ ಆ ಮನೆಗೆ ಹೋಗಿ ಮಾತಾಡಿಯೂ ಬರುತ್ತಿದ್ದರು.

ಆ ಹುಡುಗಿ ಹತ್ತನೆಯ ಕ್ಲಾಸು. ಗುಬ್ಬಿಗೂ ಸಿ.ಎಸ್. ಪುರಕ್ಕೂ ನಡುವಿನ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಗುಬ್ಬಿಯ ಹೈಸ್ಕೂಲಿಗೆ ಬರುತ್ತಿದ್ದಳು. ತಾಯಿ ಇರಲಿಲ್ಲ, ತಂದೆ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ಅಜ್ಜಿ, ಅಂದರೆ ತಾಯಿಯ ತಾಯಿ, ಸಾಕಿದ್ದಳು. ಮನೆಯಲ್ಲಿ ದುಡಿಯುವವನು ತಾಯಿಯ ತಮ್ಮ, ಇಪ್ಪತ್ತಾರು ವರ್ಷದ ಸೋದರಮಾವ. ಕಾಯಿ ಸುಲಿಯುವ ಕೆಲಸ. ಹುಡುಗಿ ಮಾತು ಕಡಿಮೆ, ಆದರೆ ಅಕ್ಷರ ಮುತ್ತಿನ ಹಾಗೆ. ತನ್ನ ಸ್ಪಾನ್ಸರನ್ನು ಅವಳು 'ಕಾಗದದಮ್ಮ' ಎನ್ನುತ್ತಿದ್ದಳು. ಆಕೆ ಒಬ್ಬಳೇ ಇರುವ ವಯಸ್ಸಾದ ಹೆಂಗಸು. ತಪ್ಪದೆ ಉತ್ತರ ಬರೆಯುತ್ತಿದ್ದಳು. ಆ ಕಾರ್ಡುಗಳನ್ನು ಅಜ್ಜಿ ದೇವರ ಪಟದ ಪಕ್ಕದಲ್ಲೇ ಮೊಳೆಗೆ ಚುಚ್ಚಿ, ಬಂದವರಿಗೆಲ್ಲ ತೋರಿಸುತ್ತಿದ್ದಳು. ಒಮ್ಮೆ ಕಾಗದದಮ್ಮ 'ಮಗು ದಿನಾ ಹಾಲು ಕುಡಿಯಲಿ' ಎಂದು ಬರೆದಿದ್ದಕ್ಕೆ ಅಜ್ಜಿ ಪಕ್ಕದ ಮನೆಯಲ್ಲಿ ದಿನಾ ಬೆಳಿಗ್ಗೆ ಬರುವ ಹಾಲಿನ ವರ್ತನೆ ಹಾಕಿಸಿಕೊಂಡಿದ್ದಳು. ಇದನ್ನು ಹೇಳುವಾಗ ಅಜ್ಜಿಯೇ ನಗುತ್ತಿದ್ದಳು. "ನಮ್ಮೂರಿನ ಡಾಕುಟ್ರು ಹೇಳಿದ್ರೆ ನಾನು ಕೇಳ್ತಿರ್ಲಿಲ್ಲ ಸಾ. ಆ ಯಮ್ಮ ಅಲ್ಲಿಂದ ಇಲ್ಲಿಗಂಟ ಬರ್ದು ಕಳ್ಸವ್ಳೆ ಅಂದ್ರೆ!"

ಕಾಗದದ ಮೇಲೆ ಅಜ್ಜಿಗಿದ್ದ ಈ ನಂಬಿಕೆ ಹುಡುಗಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ನವೆಂಬರಿನಲ್ಲಿ ನಲವತ್ತೆರಡು ಕಾಗದಗಳಿದ್ದವು. ತುಮಕೂರಿನ ಹೊರಪೇಟೆಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆ ನಮ್ಮ ಕಚೇರಿ. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ದಿನಕ್ಕೆ ಏಳೆಂಟು ಮಾಡಿ ಮುಗಿಸುತ್ತಿದ್ದೆ. ಅವಳದು ಮೂವತ್ತು ದಾಟಿದ ಮೇಲೆ ಬಂತು. ಅವಳು ಬರೆದದ್ದನ್ನು ಈಗ ನಾನು ನೆನಪಿನಿಂದ ಬರೆಯುತ್ತಿಲ್ಲ. ಒಂದೂ ಅಕ್ಷರ ಬದಲಿಸದೆ ಬರೆಯುತ್ತಿದ್ದೇನೆ. ಅದು ಹೇಗೆ ಸಾಧ್ಯವಾಯಿತು ಎಂಬುದು ಮುಂದೆ ಬರುತ್ತದೆ.

'ಪ್ರೀತಿಯ ಅಮ್ಮನವರಿಗೆ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ. ಸಮಾಜದಲ್ಲಿ ನಮ್ಮ ಕ್ಲಾಸಿಗೆ ನಾನೇ ಫಸ್ಟ್. ನಮ್ಮ ಮನೆಯಲ್ಲಿ ಪರೀಕ್ಷೆಗೆ ಮುಂಚೆ ನನಗೂ ನಮ್ಮ ಮಾವನಿಗೂ ಮದುವೆ ಮಾಡುತ್ತಾರೆ. ಅಜ್ಜಿಗೆ ಹುಷಾರಿಲ್ಲ. ಕಣ್ಣಲ್ಲಿ ನೋಡಬೇಕು ಅನ್ನುತ್ತಾರೆ. ಮಾವ ಒಳ್ಳೆಯವರು. ಆದರೆ ನಾನು ಪರೀಕ್ಷೆ ಬರೆಯಬೇಕು. ನೀವು ಒಂದು ಕಾಗದ ಬರೆಯಿರಿ. ಪರೀಕ್ಷೆ ಆಗುವವರೆಗೆ ತಡೆಯಿರಿ ಅಂತ ಬರೆಯಿರಿ. ನೀವು ಹೇಳಿದರೆ ಅಜ್ಜಿ ಕೇಳುತ್ತಾರೆ. ಸಾರ್ ಎಲ್ಲರ ಮುಂದೆ ಓದುತ್ತಾರೆ.'

ಚೌಕದಲ್ಲಿ ಒಂದು ಡೆಸ್ಕಿನ ಚಿತ್ರ. ಡೆಸ್ಕಿನ ಮೇಲೆ ಪರೀಕ್ಷೆಯ ನಂಬರು ಬರೆಯುವ ಜಾಗವನ್ನು ಸ್ಕೇಲಿನಿಂದ ಗೆರೆ ಹಾಕಿ ಖಾಲಿ ಬಿಟ್ಟಿದ್ದಳು.

ನಾನು ಪೆನ್ನು ಕೆಳಗಿಟ್ಟೆ. ಇದು ನೀಲಿ ಹಾಳೆಯ ವಿಷಯ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಹದಿನೈದು ವರ್ಷದ ಹುಡುಗಿಗೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ ಎಂಬುದೂ ಗೊತ್ತಿತ್ತು. ನಾನು ಮೇಷ್ಟ್ರು, ನಮ್ಮ ಶಾಲೆಯ ಗೋಡೆಯ ಮೇಲೇ ಅದನ್ನು ಬರೆಸಿದ್ದೆವು. ಮರುದಿನ ಪಾಸ್ಟರಿಗೆ ಕಾಗದ ತೋರಿಸಿದೆ. ಅವರು ಎರಡು ಸಲ ಓದಿದರು.

"ಮನೆಗೆ ಹೋಗೋಣ ಮೇಷ್ಟ್ರೇ," ಎಂದರು. "ಆದ್ರೆ ಈಗ ಬೇಡ. ಕ್ರಿಸ್ಮಸ್ ಮುಗೀಲಿ."

"ಅಷ್ಟರಲ್ಲಿ ದಿನ ಗೊತ್ತು ಮಾಡಿಬಿಟ್ರೆ?"

"ಆ ಊರಲ್ಲಿ ಹೋದ ತಿಂಗಳಷ್ಟೇ ನಮ್ಮ ಬಗ್ಗೆ ಮಾತಾಗಿದೆ. ಮಕ್ಕಳಿಗೆ ಹಾಡು ಹೇಳಿಕೊಡೋ ನೆಪದಲ್ಲಿ ಮನೆ ಒಡೀತಾರೆ ಅಂತ. ಈಗ ನಾವೇ ಹೋಗಿ ಮದುವೆ ನಿಲ್ಲಿಸಿದ್ರೆ ಕ್ಲಬ್ಬಿಗೆ ಬೀಗ. ಎಪ್ಪತ್ತು ಮಕ್ಕಳು ಬರ್ತಾವೆ. ಒಂದಕ್ಕೋಸ್ಕರ..." ಅವರು ಆ ಮಾತನ್ನು ಪೂರ್ತಿ ಮಾಡಲಿಲ್ಲ. ಒಳ್ಳೆಯ ಮನುಷ್ಯ. ಆ ವಾಕ್ಯ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೇ ಕಂಡಿರಬೇಕು.

"ಕಾಗದ?"

"ಕಾಗದ ಸುಮ್ಮನೆ ಎಲ್ಲದರ ಹಾಗೆ ಮಾಡಿ ಕಳಿಸಿ. ಆ ಹೆಂಗಸು ಅಲ್ಲಿ ಕೂತು ಗಾಬರಿ ಬಿದ್ರೆ ಯಾರಿಗೆ ಲಾಭ? ನಾವಿದ್ದೀವಲ್ಲ."

ನಾನು ಕೋಣೆಗೆ ಹಿಂದಿರುಗಿ ಬರೆದದ್ದು ಇಷ್ಟು. ನಾನು ಚೆನ್ನಾಗಿದ್ದೇನೆ. ಸಮಾಜ ವಿಜ್ಞಾನದಲ್ಲಿ ಮೊದಲ ಸ್ಥಾನ ಬಂದಿದೆ. ಅಜ್ಜಿಗೆ ಆರೋಗ್ಯ ಸರಿಯಿಲ್ಲ, ಪ್ರಾರ್ಥಿಸಿ. ಪರೀಕ್ಷೆಗೆ ಮೊದಲು ನಮ್ಮ ಮನೆಯಲ್ಲಿ ಒಂದು ಸಂತೋಷದ ಸಮಾರಂಭ ಇದೆ, ಅದಕ್ಕಾಗಿಯೂ ಪ್ರಾರ್ಥಿಸಿ. ನನ್ನ ಸೋದರಮಾವ ಒಳ್ಳೆಯವರು.

'ಸಂತೋಷದ' ಎಂಬ ಪದವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನಾನೇ ಹಾಕಿದ್ದು. ಬರೀ ಸಮಾರಂಭ ಎಂದರೆ ಯಾವ ಸಮಾರಂಭ ಎಂದು ಆಕೆ ಕೇಳಬಹುದು ಎನ್ನಿಸಿತ್ತು. ಎರಡು ಹಾಳೆ ಸೇರಿಸಿ ಪಿನ್ನು ಹೊಡೆದೆ. ಒಂದು ಸಲ ಸರಿಯಾಗಿ ಕೂರಲಿಲ್ಲ, ಇನ್ನೊಂದು ಹೊಡೆದೆ.

ಡಿಸೆಂಬರಿನಲ್ಲಿ ಅವಳು ಕೇಳತೊಡಗಿದಳು. ಊಟದ ತಟ್ಟೆ ತೊಳೆದು ಬಂದು, ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾ, ಬೇರೆ ಯಾರೂ ಹತ್ತಿರ ಇಲ್ಲದ ಹೊತ್ತು ನೋಡಿ. "ಸಾರ್, ಕಾಗದ ಬಂತಾ?"

"ಇನ್ನೂ ಇಲ್ಲಮ್ಮ. ಬರುತ್ತೆ."

"ಎಷ್ಟು ದಿನ ಆಗುತ್ತೆ ಸಾರ್ ಅಲ್ಲಿಂದ?"

"ಎರಡು ಮೂರು ತಿಂಗಳು."

ಅವಳು ಬೆರಳು ಮಡಿಸಿ ಎಣಿಸಿದಳು. "ಆಗುತ್ತೆ ಬಿಡಿ. ಫೆಬ್ರವರಿ ಒಳಗೆ ಬಂದ್ರೆ ಆಗುತ್ತೆ."

ನಾನು ಅವಳ ಕಾಗದ ಓದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಕ್ಕಳ ಹಕ್ಕುಗಳ ಬಗ್ಗೆ ನಾವೇ ಅವರಿಗೆ ಪಾಠ ಮಾಡಿಸಿದ್ದೆವು. ಭಯವಾದರೆ ನಂಬಿಕೆಯ ದೊಡ್ಡವರಿಗೆ ಹೇಳಿ ಎಂದಿದ್ದೆವು. ಅವಳ ಲೆಕ್ಕದಲ್ಲಿ ಅವಳು ಹೇಳಿ ಆಗಿತ್ತು. ಶನಿವಾರಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಜನವರಿ ಕೊನೆಯ ಹೊತ್ತಿಗೆ ಅವಳು ಬಾಯಿಬಿಟ್ಟು ಕೇಳುವುದನ್ನೂ ಬಿಟ್ಟಳು. ಬಾಗಿಲಲ್ಲಿ ನನ್ನ ಚೀಲ ನೋಡುತ್ತಿದ್ದಳು, ನಾನು ತಲೆ ಅಲ್ಲಾಡಿಸುತ್ತಿದ್ದೆ.

ಕ್ರಿಸ್ಮಸ್ ಮುಗಿಯಿತು. ಪಾಸ್ಟರು ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಹೆಚ್ಚಾಗಿ ಆಸ್ಪತ್ರೆ ಸೇರಿದರು. ಮನೆಗೆ ಹೋಗುವ ಮಾತು ಹಿಂದೆ ಬಿತ್ತು. ನಾನೊಬ್ಬನೇ ಹೋಗಬಹುದಿತ್ತು. ಬಸ್ಸಿತ್ತು. ಮಕ್ಕಳ ಸಹಾಯವಾಣಿಗೆ ಒಂದು ಫೋನು ಮಾಡಿದ್ದರೂ ಸಾಕಿತ್ತು.

ಕಾರ್ಡು ಬಂದದ್ದು ಆ ಶನಿವಾರದ ಹಿಂದಿನ ಗುರುವಾರ. ಶುಕ್ರವಾರ ಅದನ್ನು ಕನ್ನಡಕ್ಕೆ ಮಾಡಿದೆ. ಅಂದರೆ ಶನಿವಾರ ಮೂರೂ ಕಾಲಿಗೆ ಕಂಬದ ಪಕ್ಕ ನಿಂತಾಗ ಅದರಲ್ಲಿ ಏನಿದೆ ಎಂದು ನನಗೆ ಒಂದು ದಿನ ಮೊದಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಯಾರೂ ಅಲ್ಲ ಎನ್ನಲಾರರು. ಆದರೆ ಗೊತ್ತಿತ್ತು.

ಸಮಾರಂಭದ ವಾಕ್ಯಗಳನ್ನು ಬಿಟ್ಟು ಓದಬೇಕೆಂದು ಬಸ್ಸಿನಲ್ಲಿ ಯೋಚಿಸಿದೆ. ಪರೀಕ್ಷೆ ಮುಗಿಯಲಿ ಎಂಬ ಒಂದು ಸಾಲನ್ನು ನಾನೇ ಸೇರಿಸಿ ಓದಿದರೆ ಹೇಗೆ ಎಂದೂ ಯೋಚಿಸಿದೆ. ಹೆಗ್ಗೆರೆ ದಾಟುವವರೆಗೆ ಅದೇ ತೀರ್ಮಾನವಾಗಿತ್ತು. ಆಮೇಲೆ ಮನಸ್ಸು ತಿರುಗಿತು. ಒಂದು ಸಲ ಇಂಗ್ಲಿಷಿನಲ್ಲಿ ತಪ್ಪು ಮಾಡಿದ್ದೇನೆ, ಇನ್ನೊಂದು ಸಲ ಕನ್ನಡದಲ್ಲಿ ಮಾಡಬಾರದು, ಬಂದದ್ದನ್ನು ಬಂದ ಹಾಗೆ ಓದುವುದೇ ಪ್ರಾಮಾಣಿಕತೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಹಾಲಿನ ಎದುರು ಗೋಡೆಯಲ್ಲಿ ಮಕ್ಕಳು ಥರ್ಮಾಕೋಲಿನಲ್ಲಿ ಮಾಡಿದ ಹತ್ತು ಆಜ್ಞೆಗಳ ಎರಡು ಹಲಗೆಗಳಿದ್ದವು. ಸಾಕ್ಷಿಯ ವಿಷಯದ ಒಂಬತ್ತನೆಯದನ್ನು ಆ ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನೇ.

ಅವಳಿಗಿಂತ ಮೊದಲು ಆರು ಮಕ್ಕಳ ಕಾಗದ ಆಯಿತು. ಅವಳ ಹೆಸರು ಕೂಗಿದಾಗ ಜಮಖಾನದ ಮೂರನೆಯ ಸಾಲಿನಿಂದ ಎದ್ದು ನಿಂತಳು. ನೀಲಿ ಲಂಗ, ಶಾಲೆಯದೇ. ಪಕ್ಕದಲ್ಲಿ ಅವಳ ಕ್ಲಾಸಿನ ಗೆಳತಿ ಕೂತಿದ್ದಳು. ಬಾಗಿಲ ಬಳಿಯ ಬೆಂಚಿನ ಮೇಲೆ ಅಜ್ಜಿ, ಕೈಯಲ್ಲಿ ಎಲೆಯಡಿಕೆ ಚೀಲ. ಅಡುಗೆಯಾಕೆ ಒಳಬಾಗಿಲಲ್ಲಿ ಒರಗಿ ನಿಂತಿದ್ದಳು. ಪಾಸ್ಟರಮ್ಮ ನನ್ನ ಬಲಕ್ಕೆ ಕುರ್ಚಿಯಲ್ಲಿದ್ದರು.

ಓದಿದೆ.

'ಪ್ರೀತಿಯ ಮಗು, ನಿನ್ನ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ದಿನಾ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಸಂತೋಷದ ಸಮಾರಂಭ ಇದೆ ಎಂದು ತಿಳಿದು ಬಹಳ ಖುಷಿಯಾಯಿತು. ಆ ದಿನ ನಾನೂ ಅಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ನೀನು ಬಿಡಿಸಿದ ಮೇಜು ಸುಂದರವಾಗಿದೆ, ಹಬ್ಬದ ಊಟಕ್ಕೆ ಸಿದ್ಧವಾದ ಮೇಜು ಇರಬೇಕು. ನಿನ್ನ ಹಿರಿಯರಿಗೆ ನನ್ನ ಶುಭಾಶಯ. ಅವರ ಮಾತು ಕೇಳು.'

ಚಪ್ಪಾಳೆ ಬಿತ್ತು. ಮಕ್ಕಳಿಗೆ ಅದು ರೂಢಿ. ಅಜ್ಜಿ ಬೆಂಚಿನಿಂದ ಎದ್ದಳು.

"ಹೆಂಗೆ ಹೆಂಗೆ? ಇನ್ನೊಂದ್ಸಲ ಓದಿ ಸಾ. ಕೊನೇದು."

ನಾನು ಇನ್ನೊಂದು ಸಲ ಓದಿದೆ. ಈ ಭಾಗ ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಮೊದಲ ಸಲಕ್ಕಿಂತ ನಿಧಾನವಾಗಿ, ತರಗತಿಯಲ್ಲಿ ಓದುವ ಹಾಗೆ ಓದಿದೆ.

"ಕೇಳುಸ್ಕಂಡ್ಯೇನೇ?" ಅಜ್ಜಿಯ ಮುಖ ಅರಳಿತ್ತು. "ಅವತ್ತಿಂದ ಮಕ ಊದುಸ್ಕಂಡು ಕುಂತಿದ್ಯಲ್ಲ! ಆ ಯಮ್ಮನೂ ಒಪ್ಕಂಡವ್ಳೆ ಕಣೇ. ಬರಬೇಕು ಅಂತ ಬೇರೆ ಆಸೆ ಮಡೀಕಂಡವ್ಳೆ!" ಪಕ್ಕದಲ್ಲಿ ಕೂತಿದ್ದ ಹೆಂಗಸರ ಕಡೆ ತಿರುಗಿದಳು. "ನಮ್ಮುಡ್ಗಿ ಮದ್ವೆ ಕಣ್ರವ್ವ. ಎಡೆಯೂರಲ್ಲಿ. ಬನ್ನಿ ಎಲ್ರೂವೆ."

ಯಾರೋ ನಕ್ಕರು. ಹಿಂದಿನ ಸಾಲಿನಿಂದ ಒಬ್ಬ ಚಿಕ್ಕ ಹುಡುಗಿ "ಊಟಕ್ಕೆ ಹೋಳಿಗೆನಾ ಅಜ್ಜಿ?" ಎಂದಳು. ಆಗ ಎಲ್ಲರೂ ನಕ್ಕರು.

ಪಾಸ್ಟರಮ್ಮ ನನ್ನ ಕಡೆ ನೋಡಿದರು. ಅವರಿಗೆ ಗಂಡ ಹೇಳಿದ್ದರೋ ಇಲ್ಲವೋ ನಾನು ಇವತ್ತಿನವರೆಗೂ ಕೇಳಿಲ್ಲ. ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬಹುದಿತ್ತು. ಅಜ್ಜಿ, ಆ ಯಮ್ಮನಿಗೆ ವಿಷಯ ಗೊತ್ತೇ ಇಲ್ಲ, ನಾನು ಬರೆಯಲೇ ಇಲ್ಲ, ಅನ್ನಬಹುದಿತ್ತು. ಹತ್ತು ಪದವೂ ಬೇಕಿರಲಿಲ್ಲ. ನಾನು ಕನ್ನಡದ ಹಾಳೆಯನ್ನು ಎರಡಾಗಿ ಮಡಿಸಿ, ಮತ್ತೆ ಎರಡಾಗಿ ಮಡಿಸಿ ಕಾರ್ಡಿನೊಳಗೆ ಇಟ್ಟೆ.

ಅವಳು ಮಕ್ಕಳ ನಡುವೆ ಕಾಲಿಡಲು ಜಾಗ ನೋಡಿಕೊಂಡು ಬಂದಳು. ಎರಡೂ ಕೈ ಚಾಚಿದಳು. ಕಾರ್ಡು ಹಿಡಿದುಕೊಂಡ ಮೇಲೂ ಹೋಗಲಿಲ್ಲ.

"ನಾನು ಬರ್ದಿದ್ದು ಅವ್ರಿಗೆ ಸಿಕ್ತಾ ಸಾರ್?" ನನಗಷ್ಟೇ ಕೇಳುವ ಹಾಗೆ.

"ಸಿಕ್ತು," ಎಂದೆ.

ಅವಳು ಬರೆದ ಹಾಳೆ ಆ ಹೆಂಗಸಿನ ಅಡುಗೆಮನೆಯ ಗೋಡೆಯ ಮೇಲೆಯೇ ಇತ್ತು. ನಾನು ಹೇಳಿದ್ದು ನಿಜವೇ ಆಗಿತ್ತು.

"ಥ್ಯಾಂಕ್ಯೂ ಸಾರ್," ಎಂದಳು. ಹೋಗಿ ಕೂತಳು. ನಾನು ಮುಂದಿನ ಮಗುವಿನ ಹೆಸರು ಕೂಗಿದೆ.

ಅವಳ ಮುಖ ಹೇಗಿತ್ತು ಎಂದು ಬರೆಯಲು ಬಹಳ ಸಲ ಕೂತಿದ್ದೇನೆ. ಅತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ. ಬಸ್ಸು ತಪ್ಪಿತು ಎಂದು ಗೊತ್ತಾದ ಮೇಲೆ ರಸ್ತೆಯನ್ನೇ ನೋಡುತ್ತಾ ನಿಲ್ಲುತ್ತಾರಲ್ಲ, ಹಾಗೆ ಇದ್ದಳು. ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬಂದಿಲ್ಲ.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ವಾರದಲ್ಲಿ ಎಡೆಯೂರಿನ ದೇವಸ್ಥಾನದಲ್ಲಿ ಮದುವೆ ಆಯಿತು. ಹದಿನೆಂಟು ತುಂಬಿದೆ ಎಂದು ಅಲ್ಲಿ ಹೇಳಿದ್ದರಂತೆ. ನಾನು ಅವರ ಮನೆಗೆ ಹೋದದ್ದು ಅದಾದ ಮೇಲೆ, ಮಾರ್ಚಿನಲ್ಲಿ. ಅವಳು ಇರಲಿಲ್ಲ, ಗಂಡನ ಜೊತೆ ಯಾರದೋ ಮನೆಗೆ ಊಟಕ್ಕೆ ಹೋಗಿದ್ದಳು. ಅಜ್ಜಿ ಕಾಫಿ ಕೊಟ್ಟಳು. ಬಲೂನಿನ ಕಾರ್ಡು ದೇವರ ಪಟದ ಪಕ್ಕದಲ್ಲಿ ಇತ್ತು. "ಅವಳು ಒಪ್ತಾನೇ ಇರ್ಲಿಲ್ಲ ಸಾ," ಎಂದಳು ಅಜ್ಜಿ. "ಪರೀಕ್ಸೆ ಪರೀಕ್ಸೆ ಅಂತ ಒಂದೇ ಹಟ. ಇನ್ನೊಂದು ತಿಂಗ್ಳು ತಡೆಯಾಣ ಅಂತ ನಾನೂ ಅಂದ್ಕಂಡಿದ್ದೆ. ಆ ಯಮ್ಮನ ಕಾಗ್ದ ಓದುದ್ರಲ್ಲ ನೀವು, ಅವತ್ತಿಂದ ತುಟಿಪಿಟಕ್ ಅನ್ಲಿಲ್ಲ. ನಿಮ್ಮಿಂದ ದೊಡ್ಡ ಉಪ್ಕಾರ ಆಯ್ತು."

ಪರೀಕ್ಷೆ ಮುಗಿದ ವಾರ ಅವಳ ಗೆಳತಿ ಕ್ಲಬ್ಬಿಗೆ ಬಂದಳು. ಪ್ರಶ್ನೆಪತ್ರಿಕೆ ತೋರಿಸಿದಳು. ಹೋಗುವಾಗ, "ಸಾರ್, ಅವಳ ನಂಬರ್ ಡೆಸ್ಕ್ ಮೇಲೆ ಚಾಕ್‌ಪೀಸಲ್ಲಿ ಬರ್ದಿತ್ತು. ನನ್ ಮುಂದೇನೇ. ಆರೂ ದಿನ ಹಂಗೇ ಇತ್ತು," ಎಂದಳು.

ಕಾಗದ ಇಂಗ್ಲಿಷಿಗೆ ಮಾಡುವ ಕೆಲಸವನ್ನು ಆ ವರ್ಷವೇ ಬಿಟ್ಟೆ. ಕಣ್ಣಿನ ತೊಂದರೆ ಎಂದು ಹೇಳಿದೆ. ಅದೂ ಸುಳ್ಳು. ಕೊರೋನಾದಲ್ಲಿ ಗುಬ್ಬಿಯ ಹಾಲು ಬಿಟ್ಟುಕೊಡಬೇಕಾಯಿತು. ಎರಡನೆಯ ಅಲೆಯಲ್ಲಿ ಪಾಸ್ಟರು ತೀರಿಕೊಂಡರು. ಪಾಸ್ಟರಮ್ಮ ಕುಣಿಗಲ್ಲಿನಲ್ಲಿ ತಮ್ಮನ ಮನೆಯ ಜಗುಲಿಯಲ್ಲಿ ಮತ್ತೆ ಮಕ್ಕಳನ್ನು ಸೇರಿಸಿದರು. ನಾನು ನಿವೃತ್ತನಾಗಿದ್ದೆ, ಶನಿವಾರ ಅಲ್ಲಿಗೆ ಹೋಗಿ ಟ್ಯೂಷನ್ ಮಾಡುತ್ತೇನೆ. ಮೂರು ಗಂಟೆ ಕಳೆದ ಮೇಲೆ ನನಗೆ ಕೆಲವು ಶನಿವಾರ ಕೊಬ್ಬರಿಯ ವಾಸನೆ ಬರುತ್ತದೆ. ಆ ಜಗುಲಿಯಲ್ಲಿ ಕೊಬ್ಬರಿ ಎಲ್ಲೂ ಇಲ್ಲ. ಪಾಸ್ಟರಮ್ಮನನ್ನು ಒಮ್ಮೆ ಕೇಳಿದೆ, ಅವರಿಗೆ ಬರುವುದಿಲ್ಲವಂತೆ.

ಕಳೆದ ಜೂನಿನಲ್ಲಿ ಮುಖ್ಯ ಕಚೇರಿಯಿಂದ ಪಾಸ್ಟರಮ್ಮನ ವಿಳಾಸಕ್ಕೆ ಒಂದು ದಪ್ಪ ಕವರು ಬಂತು. ಕಾಗದದಮ್ಮ ತೀರಿಕೊಂಡಿದ್ದಳು. ಮನೆ ಖಾಲಿ ಮಾಡುವಾಗ ಸಿಕ್ಕ ಕಾಗದಗಳನ್ನು ಆಕೆಯ ಕಡೆಯವರು, ಮಗುವಿಗೆ ಬೇಕಾಗಬಹುದು ಎಂದು ಜೋಡಿಸಿ ಹಿಂದಕ್ಕೆ ಕಳಿಸಿದ್ದರು. ಒಟ್ಟು ಒಂಬತ್ತು. ಕೊನೆಯದರ ನಾಲ್ಕು ಮೂಲೆಯಲ್ಲೂ ಗೋಡೆಗೆ ಅಂಟಿಸಿದ ಟೇಪಿನ ಗುರುತು. ಮೇಲೆ ನನ್ನ ಹಾಳೆ, ಕೆಳಗೆ ಅವಳದು, ಎರಡು ಪಿನ್ನು, ಎರಡೂ ತುಕ್ಕು ಹಿಡಿದಿದ್ದವು.

ಅವಳು ಈಗ ಕುಣಿಗಲ್ಲಿನಲ್ಲೇ ಇರುವುದು. ಅಜ್ಜಿ ಲಾಕ್‌ಡೌನಿಗೆ ಮೊದಲೇ ಹೋದಳು. ಗಂಡ ಲಗೇಜ್ ಆಟೋ ಇಟ್ಟುಕೊಂಡು ಎಳನೀರು ತುಂಬುತ್ತಾನೆ. ದೊಡ್ಡಕೆರೆಯ ಕಡೆ ಬಾಡಿಗೆ ಮನೆ, ಐದು ವರ್ಷದ ಒಬ್ಬ ಮಗಳು. ಪಾಸ್ಟರಮ್ಮನಿಗೆ ಮನೆ ಗೊತ್ತಿತ್ತು. ಶನಿವಾರ ಟ್ಯೂಷನ್ ಮುಗಿಸಿ ಇಬ್ಬರೂ ನಡೆದುಕೊಂಡು ಹೋದೆವು.

ಅವಳು ಗುರುತು ಹಿಡಿದಳು. "ಬನ್ನಿ ಸಾರ್, ಕೂತ್ಕೊಳಿ. ಎಷ್ಟು ಬೆಳ್ಳಗಾಗಿದೆ ತಲೆ!" ನೀರು ಕೊಟ್ಟಳು. ಗಂಡ ಬಾಗಿಲ ಹೊರಗೆ ಆಟೋದಿಂದ ಎಳನೀರು ಇಳಿಸುತ್ತಿದ್ದ. ನಾನು ಕವರು ಕೊಟ್ಟೆ. ಕಾಗದದಮ್ಮ ತೀರಿಕೊಂಡ ವಿಷಯವನ್ನು ಪಾಸ್ಟರಮ್ಮನೇ ಹೇಳಿದರು. ಬಾಯಲ್ಲಿ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ.

ಅವಳು ಕೊನೆಯ ಕಾಗದವನ್ನೇ ಮೊದಲು ತೆಗೆದಳು. ಮೇಲಿನ ಹಾಳೆ ತಿರುಗಿಸಿ ಕೆಳಗಿನದನ್ನು ನೋಡಿದಳು. "ಅಕ್ಷರ ಚೆನ್ನಾಗಿತ್ತು ಅಲ್ವಾ ಸಾರ್ ಆಗ," ಎಂದಳು. ಆಮೇಲೆ ಮೇಲಿನ ಹಾಳೆಯ ಇಂಗ್ಲಿಷನ್ನು ಬೆರಳಿಟ್ಟು ನಿಧಾನವಾಗಿ ಓದಿದಳು. ಅಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು. ನಾನೇ ಕಲಿಸಿದ್ದೆ.

"ಇದರಲ್ಲಿ ಮದುವೆ ಅಂತಾನೇ ಇಲ್ವಲ್ಲ."

"ಇಲ್ಲ. ನಾನು ಬರೀಲಿಲ್ಲ."

"ಪರೀಕ್ಷೆ ಆಗೋವರೆಗೆ ತಡೆಯಿರಿ ಅಂದಿದ್ದೂ ಇಲ್ಲ."

"ಇಲ್ಲಮ್ಮ."

ಬೆರಳನ್ನು ಮತ್ತೆ ಮೊದಲ ಸಾಲಿಗೆ ಒಯ್ದಳು. "ಹಂಗಾರೆ ಆ ಯಮ್ಮ ಓದ್ಲೇ ಇಲ್ಲ."

"ಓದ್ಲಿಲ್ಲ. ಆಕೆಗೆ ಗೊತ್ತೇ ಇರ್ಲಿಲ್ಲ."

"ನಾನು ಬೈಕೊಂಡಿದ್ದೆ ಸಾರ್ ಆ ಯಮ್ಮನ್ನ. ಇಷ್ಟು ವರ್ಷ. ಎಲ್ಲಾ ಓದ್ಕೊಂಡು, ಗೊತ್ತಿದ್ದೂ ಹಂಗೆ ಬರೆದ್ಲು ಅಂತ." ಅವಳ ದನಿ ಏರಲಿಲ್ಲ. "ಸತ್ತೋದ್ಲು ಅಂದ್ರಲ್ಲ."

ಪಾಸ್ಟರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವಳು ತನ್ನ ಹಾಳೆಯನ್ನು ನನ್ನ ಕಡೆ ಚಾಚಿದಳು. "ಓದಿ ಸಾರ್. ಜೋರಾಗಿ. ಅವತ್ತು ಓದಿದ್ರಲ್ಲ, ಹಂಗೆ."

ನಾನು ಎದ್ದು ನಿಂತು ಓದಿದೆ. 'ಮಾವ ಒಳ್ಳೆಯವರು' ಎಂಬ ಸಾಲಿಗೆ ಬಂದಾಗ ಹೊರಗೆ ಎಳನೀರು ಇಳಿಸುವ ಸದ್ದು ನಿಂತಿತು. 'ಸಾರ್ ಎಲ್ಲರ ಮುಂದೆ ಓದುತ್ತಾರೆ' ಎಂಬಲ್ಲಿಗೆ ಮುಗಿಸಿದೆ. ಅವನು ಬಾಗಿಲಲ್ಲಿ ನಿಂತಿದ್ದ.

"ಪರೀಕ್ಷೆ ಬರೀಬೇಕು ಅಂತ ಇಷ್ಟೊಂದು ಇತ್ತಾ ನಿಂಗೆ?" ಎಂದ. "ನನ್ ತಾವ ಒಂದ್ ಮಾತು ಅಂದಿದ್ರೆ ನಿಲ್ಲುಸ್ತಿದ್ನಲ್ಲೇ. ಒಂದ್ ತಿಂಗ್ಳು ತಾನೇ. ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ," ಎಂದಳು ಅವಳು. "ಬರ್ದು ಕೊಟ್ಟಿದ್ದೆ."

ಅವನು ನನ್ನ ಕಡೆ ನೋಡಿದ. ಆಮೇಲೆ ಹೊರಗೆ ಹೋಗಿ ಮತ್ತೆ ಎಳನೀರು ಇಳಿಸಲು ಶುರು ಮಾಡಿದ. ಮೊದಲಿಗಿಂತ ನಿಧಾನವಾಗಿ.

ಈಗಲೂ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು, ನಾನು ಹೇಳಿಕೊಡುತ್ತೇನೆ ಎಂದೆ. ಅವಳು "ನೋಡೋಣ ಬಿಡಿ ಸಾರ್," ಎಂದಳು. ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮಗಳನ್ನು ಟ್ಯೂಷನ್ನಿಗೆ ಕಳಿಸುತ್ತೀಯಾ ಎಂದು ಪಾಸ್ಟರಮ್ಮ ಕೇಳಿದರು. "ಕಳಿಸ್ತೀನಿ ಅಮ್ಮ. ಪಾಠ ಹೇಳ್ಕೊಡಿ, ಹಾಡು ಹೇಳ್ಕೊಡಿ. ಕಾಗದ ಮಾತ್ರ ಬರೆಸಬೇಡಿ." ಅವರು ಈಗ ಬರೆಸುವುದಿಲ್ಲ ಎಂದರು. ಅದು ನಿಜ.

ನಾವು ಹೊರಟಾಗ ಅವಳು ಉಗುರಿನಿಂದ ಎರಡೂ ಪಿನ್ನು ಬಿಡಿಸಿದಳು. ತನ್ನ ಹಾಳೆ ಇಟ್ಟುಕೊಂಡಳು. ನಾನು ಬಾಗಿಲಲ್ಲೇ ಅದನ್ನು ಇನ್ನೊಂದು ಸಲ ನೋಡಿ ನನ್ನ ಡೈರಿಯಲ್ಲಿ ಬರೆದುಕೊಂಡೆ. ಅವಳು ಕಾಯುತ್ತಾ ನಿಂತಿದ್ದಳು. ಇನ್ನೊಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಳು. "ಇದು ನಿಮ್ದು ಸಾರ್."

ಅದು ಈಗ ನನ್ನ ಮೇಜಿನ ಮೇಲಿದೆ.

ಆ ಫೆಬ್ರವರಿಯ ಶನಿವಾರ ಹಾಲಿನಲ್ಲಿ ಹತ್ತಿರದಿಂದ ನೋಡಿದವರಲ್ಲಿ ಅಜ್ಜಿ ಈಗಿಲ್ಲ. ಕುರ್ಚಿಯಲ್ಲಿ ಕೂತಿದ್ದ ಪಾಸ್ಟರಮ್ಮ ಇದ್ದಾರೆ, ಕುಣಿಗಲ್ಲಿನಲ್ಲಿ. ಒಳಬಾಗಿಲಲ್ಲಿ ನಿಂತಿದ್ದ ಅಡುಗೆಯಾಕೆ ಇದ್ದಾಳೆ, ಗೂಳೂರಿನಲ್ಲಿ ಮಗನ ಮನೆಯಲ್ಲಿ. ಕೇಳಿದರೆ ಚಪ್ಪಾಳೆ ಮಾತ್ರ ನೆನಪಿದೆ ಎನ್ನುತ್ತಾಳೆ. ಮೂರನೆಯ ಸಾಲಿನಲ್ಲಿ ಕೂತಿದ್ದ ಗೆಳತಿ ಇದ್ದಾಳೆ, ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋಳಿಗೆ ಕೇಳಿದ ಚಿಕ್ಕ ಹುಡುಗಿ ಈಗ ಪಿಯುಸಿ. ನಾನು ಇದ್ದೇನೆ. ಮತ್ತೆ, ಎರಡೂ ಕೈ ಚಾಚಿ ಕಾರ್ಡು ತೆಗೆದುಕೊಂಡವಳು ಇದ್ದಾಳೆ, ದೊಡ್ಡಕೆರೆಯ ಕಡೆ, ಬಾಗಿಲಿಗೆ ಹಸಿರು ಬಣ್ಣ ಹೊಡೆದ ಮನೆಯಲ್ಲಿ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳನ್ನು ಕೇಳಬೇಕು.